ಗುಜರಿ ಕಬ್ಬಿಣದಲ್ಲಿ ಪಿಕಪ್ ರ‍್ಯಾಕ್: ಓದುಗರ ಪ್ರಶ್ನೆ, ನಮ್ಮ ಉತ್ತರ

ಪಿಕಪ್ ಗಾಡಿಯ ಹಿಂಬದಿಗೆ ಹಳೇ ಕಬ್ಬಿಣದಿಂದ ರ‍್ಯಾಕ್ ಕಟ್ಟಿಕೊಳ್ಳುವ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಏಣಿ, ಪಿವಿಸಿ ಪೈಪ್, ಅಡಿಕೆ ದೋಟಿ, ಟೆಂಟ್ ಹೀಗೆ ಒಬ್ಬೊಬ್ಬರ ಅಗತ್ಯ ಒಂದೊಂದು. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟಿಗೆ ಸೇರಿಸಿ ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇವೆ.

ಗುಜರಿ ಅಂಗಡಿಯಲ್ಲಿ ಪೈಪು, ಆಂಗಲ್ಲು, ಹಳೇ ಹೋರ್ಡಿಂಗ್ ಫ್ರೇಮು ರಾಶಿ ಬಿದ್ದಿರುತ್ತದೆ. ರ‍್ಯಾಕ್‌ಗೆ ಯಾವುದು ಆಗುತ್ತದೆ, ಯಾವುದು ಬೇಡ? ನೋಡಿ ಗುರುತಿಸುವುದು ಹೇಗೆ?
— ಶಿವಮೊಗ್ಗದ ಓದುಗರು

ರ‍್ಯಾಕ್‌ಗೆ ಹೇಳಿ ಮಾಡಿಸಿದ್ದು 40×40 ಮಿ.ಮೀ. ಚೌಕ ಪೈಪು, 2 ಮಿ.ಮೀ. ದಪ್ಪದ್ದು. ಅಂಗಡಿಯವರ ಲೆಕ್ಕದಲ್ಲಿ 14 ಗೇಜ್. 16 ಗೇಜ್ ಅಂದರೆ 1.6 ಮಿ.ಮೀ., 18 ಗೇಜ್ ಅಂದರೆ 1.2. ಕಿಟಕಿ ಗ್ರಿಲ್ಲಿಗೆ, ಗೇಟಿಗೆ ಬಳಸಿದ ಪೈಪು ಬಹುಪಾಲು 16 ಅಥವಾ 18 ಗೇಜಿನದು. ಹೊರಗಿನಿಂದ ಮೂರೂ ಒಂದೇ ಥರ ಕಾಣುತ್ತವೆ. ಪೈಪಿನ ಬಾಯಿಗೆ ಕ್ಯಾಲಿಪರ್ ಹಿಡಿದರೆ ತುಕ್ಕಿನ ಪದರವೂ ಸೇರಿ ದಪ್ಪ ಹೆಚ್ಚು ತೋರುತ್ತದೆ, ಆ ಅಳತೆ ನಂಬಬೇಡಿ. ಅಳೆಯುವ ಬದಲು ತೂಗಿ. 40×40 ಚೌಕ ಪೈಪಿನ ಒಂದು ಮೀಟರ್ ತುಂಡು 2 ಮಿ.ಮೀ. ದಪ್ಪವಿದ್ದರೆ ಸುಮಾರು 2.3 ಕೆ.ಜಿ., 1.6 ಇದ್ದರೆ 1.9 ಕೆ.ಜಿ., 1.2 ಇದ್ದರೆ 1.4 ಕೆ.ಜಿ. ತೂಗುತ್ತದೆ. ತೂಕ 2 ಕೆ.ಜಿ.ಗಿಂತ ಕಡಿಮೆ ಬಂತೆಂದರೆ ಒಂದೋ ಅದು ಮೊದಲೇ ತೆಳು ಪೈಪು, ಇಲ್ಲವೇ ಒಳಗಿನಿಂದ ತುಕ್ಕು ತಿಂದಿದೆ. ಎರಡರಲ್ಲಿ ಯಾವುದಾದರೂ ನಮಗೆ ಬೇಡ. ಗುಜರಿಯಲ್ಲಿ ತಕ್ಕಡಿ ಹೇಗೂ ಇರುತ್ತದೆ, ಅಳತೆ ಟೇಪ್ ಒಂದು ಜೇಬಿನಲ್ಲಿರಲಿ.

ಆಮೇಲೆ ಟಾರ್ಚ್ ಹಾಕಿ ಪೈಪಿನೊಳಗೆ ನೋಡಿ. ಕೆಂಪು ಪುಡಿ ಕಂಡರೆ ಹೆದರಬೇಕಿಲ್ಲ. ಪದರ ಪದರವಾಗಿ ಎದ್ದಿದ್ದರೆ ಬಿಟ್ಟುಬಿಡಿ. ಸೆಂಟರ್ ಪಂಚ್ ಇಟ್ಟು ಸುತ್ತಿಗೆಯಿಂದ ಒಂದು ಪೆಟ್ಟು ಕೊಟ್ಟಾಗ ಸಣ್ಣ ಚುಕ್ಕೆ ಬಿದ್ದು ನಿಂತರೆ ಸರಿ, ಗೋಡೆ ಒಳಗೆ ಕುಸಿದರೆ ಆ ಪೈಪು ಕೆಲಸಕ್ಕೆ ಬಾರದು. ನೆಲದಲ್ಲಿ ಹೂತಿದ್ದ ಕಂಬವಾದರೆ ಮಣ್ಣಿನ ಮಟ್ಟದ ಮೇಲೆ ಕೆಳಗೆ ಒಂದೊಂದು ಅಡಿ ಕತ್ತರಿಸಿ ಬಿಸಾಡಿ. ತುಕ್ಕು ಹೆಚ್ಚು ತಿನ್ನುವುದು ಅಲ್ಲೇ.

ಉಕ್ಕಿನ ಜಾತಿ ತಿಳಿಯಲು ಗ್ರೈಂಡರ್ ಕಿಡಿ ಸಾಕು. ಮೈಲ್ಡ್ ಸ್ಟೀಲ್ ಉದ್ದನೆಯ, ಹಳದಿ ಮಿಶ್ರಿತ ಬಿಳಿ ಗೆರೆಗಳನ್ನು ಚಿಮ್ಮಿಸುತ್ತದೆ, ಕವಲು ಕಡಿಮೆ. ಇಂಗಾಲ ಹೆಚ್ಚಿದ್ದಷ್ಟೂ ಗೆರೆ ಮೋಟಾಗಿ, ತುದಿಯಲ್ಲಿ ನಕ್ಷತ್ರದಂತೆ ಒಡೆಯುವ ಕಿಡಿ ದಟ್ಟವಾಗುತ್ತದೆ. ಎರಕದ ಕಬ್ಬಿಣದ ಕಿಡಿ ಗಿಡ್ಡ, ಮಂಕು ಕೆಂಪು. ಅನುಮಾನ ಬಂದರೆ ಅರದಿಂದ ಉಜ್ಜಿ. ಅರ ಕಚ್ಚದೆ ಜಾರಿದರೆ ಅದು ಗಟ್ಟಿಮಾಡಿದ ಉಕ್ಕು, ವೆಲ್ಡಿಂಗಿಗೆ ಬೇಡ.

ಲಾರಿಯ ಲೀಫ್ ಸ್ಪ್ರಿಂಗ್ ಪಟ್ಟಿ ಬಲು ಗಟ್ಟಿ ಎಂದು ಬ್ರಾಕೆಟ್ ಮಾಡಲು ಹೊರಡುವವರು ಬಹಳ. ಹಾಗೇ ತಣ್ಣಗಿರುವಾಗ ವೆಲ್ಡ್ ಮಾಡಿದರೆ ಬೆಸುಗೆಯ ಪಕ್ಕದ ಭಾಗ ಗಾಜಿನಂತೆ ಪೆಡಸಾಗಿ, ಒಂದು ದಿನ ಸದ್ದಿಲ್ಲದೆ ಬಿರುಕು ಬಿಡುತ್ತದೆ. ಟಿಎಂಟಿ ಕಂಬಿಯನ್ನು ಹಗ್ಗದ ಕೊಂಡಿಗೆ ಬಳಸಬಹುದು. ಆದರೆ ಕೆಂಪಗೆ ಕಾಯಿಸಿ ಬಗ್ಗಿಸಬೇಡಿ. ಅದರ ಬಲ ಇರುವುದು ಹೊರಗಿನ ನೀರು ಕುಡಿಸಿದ ಪದರದಲ್ಲಿ, ಕಾಯಿಸಿದರೆ ಅದು ಹೋಗುತ್ತದೆ. ಹಳೇ ಶಾಕ್ ಅಬ್ಸಾರ್ಬರ್, ಗ್ಯಾಸ್ ಸ್ಪ್ರಿಂಗ್, ಎರಡೂ ತುದಿ ಮುಚ್ಚಿದ ಯಾವುದೇ ಪೈಪು: ಇವಕ್ಕೆ ಕಿಡಿ ತಾಗಿಸಲೇಬೇಡಿ. ಒಳಗೆ ಎಣ್ಣೆಯೋ ನೀರೋ ಉಳಿದಿದ್ದರೆ ಕಾದು ಸಿಡಿಯುತ್ತದೆ. ನೀವೇ ಬೆಸೆದು ಎರಡೂ ತುದಿ ಮುಚ್ಚಲಿರುವ ಚೌಕ ಪೈಪಿಗೂ ವೆಲ್ಡಿಂಗಿನ ಮೊದಲು 6 ಮಿ.ಮೀ. ತೂತು ಕೊರೆಯುವುದು ಅಭ್ಯಾಸವಾಗಲಿ.

ಹೊಸದಕ್ಕೆ ಸಮನಾದ ಮಾಲು ಬೇಕಿದ್ದರೆ ಗುಜರಿಗಿಂತ ಫ್ಯಾಬ್ರಿಕೇಷನ್ ಶೆಡ್‌ಗಳ ಕಟ್ ಪೀಸ್ ಕೇಳಿ. ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಲ್ಲಿ ಮೂರು ನಾಲ್ಕು ಅಡಿಯ ತುಂಡುಗಳು ತೂಕದ ಲೆಕ್ಕದಲ್ಲಿ ಸಿಗುತ್ತವೆ. ತುಕ್ಕಿಲ್ಲ, ಬಣ್ಣವಿಲ್ಲ, ದಪ್ಪವೂ ಖಚಿತ.

ತೊಟ್ಟಿಯಂತೆ ಮುಚ್ಚಿದ ಹಿಂಬದಿ ಇರುವ ಡಬಲ್ ಕ್ಯಾಬ್ ಪಿಕಪ್ ನನ್ನದು. ಏಣಿ, ಟೆಂಟ್ ಹೊರಲು 150 ಕೆ.ಜಿ. ತಡೆಯುವ ರ‍್ಯಾಕ್ ಬೇಕು. ಎಷ್ಟು ಪೈಪು, ಯಾವ ಅಳತೆ? ವೆಲ್ಡರ್ 50×50, 3 ಮಿ.ಮೀ. ಹಾಕೋಣ ಅನ್ನುತ್ತಾರೆ.
— ಮಡಿಕೇರಿಯ ಓದುಗರು

ಬೇಡ. 50×50×3 ಪೈಪು ಮೀಟರಿಗೆ ನಾಲ್ಕೂಕಾಲು ಕೆ.ಜಿ. ತೂಗುತ್ತದೆ, ಅಂದರೆ 40×40×2 ಪೈಪಿನ ಹೆಚ್ಚು ಕಡಿಮೆ ಎರಡು ಪಟ್ಟು. ಅಷ್ಟು ಭಾರ ಗಾಡಿಯ ಮೇಲ್ಭಾಗದಲ್ಲಿ ಸುಮ್ಮನೆ ಕೂರುತ್ತದೆ. ಆ ದುಡ್ಡು, ಆ ತೂಕ ಕಾಲಿನ ಬುಡಕ್ಕೆ ಹೋಗಲಿ. ಕಾರಣವನ್ನು ಲೆಕ್ಕ ಹಾಕಿಯೇ ನೋಡೋಣ.

ಸರಕು ಬಿಗಿಯುವ ಯುರೋಪಿನ ನಿಯಮದಲ್ಲಿ ಜೋರು ಬ್ರೇಕಿಗೆ ಸರಕಿನ ತೂಕದ 0.8 ಪಾಲು ಮುಂದಕ್ಕೆ, ತಿರುವಿನಲ್ಲಿ 0.5 ಪಾಲು ಪಕ್ಕಕ್ಕೆ ನೂಕುತ್ತದೆ ಎಂದು ಹಿಡಿಯುತ್ತಾರೆ. 150 ಕೆ.ಜಿ.ಗೆ ಮುಂದಕ್ಕೆ 120 ಕೆ.ಜಿ. ಬಲವಾಯಿತು. ರ‍್ಯಾಕಿನ ಕಾಲು 450 ಮಿ.ಮೀ. ಎತ್ತರ, ನಾಲ್ಕು ಕಾಲು ಎಂದರೆ ಪ್ರತಿ ಕಾಲಿನ ಬುಡದಲ್ಲಿ 13.5 ಕೆ.ಜಿ.-ಮೀಟರ್ ತಿರುಚು, ಅಂದರೆ ಕಾಲನ್ನು ಬುಡದಲ್ಲಿ ಬಾಗಿಸಲು ನೋಡುವ ಬಲ. 40×40×2 ಪೈಪು ಬಾಗಿ ಹಾಗೇ ಉಳಿಯುವ ಮಿತಿಯ ಐದನೇ ಒಂದು ಪಾಲೂ ಇದಲ್ಲ. ಆದರೆ ಅದೇ ತಿರುಚು ಬೇಸ್ ಪ್ಲೇಟಿಗೆ ಇಳಿದಾಗ, ಬೋಲ್ಟ್‌ಗಳ ನಡುವೆ 100 ಮಿ.ಮೀ. ಅಂತರವಿದ್ದರೆ, ಒಂದು ಬದಿಯ ಬೋಲ್ಟ್‌ಗಳನ್ನು 135 ಕೆ.ಜಿ. ಬಲದಿಂದ ಮೇಲಕ್ಕೆ ಎಳೆಯುತ್ತದೆ. ಆ ಬೋಲ್ಟ್ ಕಚ್ಚಿರುವುದು ಸುಮಾರು 1 ಮಿ.ಮೀ. ತಗಡನ್ನು. ಬ್ರೇಕ್ ಒತ್ತಿದಾಗಲೆಲ್ಲ, ಹಂಪ್ ಹಾರಿದಾಗಲೆಲ್ಲ ಇದೇ ಎಳೆತ. ರ‍್ಯಾಕ್ ಕಿತ್ತುಬಂದ ಕಡೆ ಪೈಪು ನೆಟ್ಟಗಿದ್ದು ತಗಡು ಹರಿದಿರುವುದಕ್ಕೆ ಕಾರಣ ಇದು.

ಹಾಗಾಗಿ ತಗಡಿನ ಮೇಲೊಂದು, ಕೆಳಗೊಂದು 6 ಮಿ.ಮೀ. ಪ್ಲೇಟ್ ಇಟ್ಟು ನಡುವೆ ತಗಡನ್ನು ಸ್ಯಾಂಡ್‌ವಿಚ್ ಮಾಡಿ. ಕೆಳಗಿನ ಪ್ಲೇಟ್ ಬಿಟ್ಟು ಬರೀ ವಾಷರ್ ಹಾಕುವುದನ್ನು ನಾವು ಯಾವ ಕಾರಣಕ್ಕೂ ಒಪ್ಪುವುದಿಲ್ಲ.

ಸಾಮಾನಿನ ಪಟ್ಟಿ, ಹಿಂಬದಿಯ ಅಂಚಿನ ಹೊರ ಅಳತೆ 1500×1500 ಮಿ.ಮೀ. ಎಂದು ಹಿಡಿದದ್ದು (ನಿಮ್ಮ ಗಾಡಿಯದನ್ನು ನೀವೇ ಅಳೆದು ತಿದ್ದಿಕೊಳ್ಳಿ):

- ಕಾಲು: 450 ಮಿ.ಮೀ., 4 ತುಂಡು
- ಉದ್ದ ಪಟ್ಟಿ: 1500 ಮಿ.ಮೀ., 2 ತುಂಡು
- ಅಡ್ಡ ಪಟ್ಟಿ: 1420 ಮಿ.ಮೀ., 3 ತುಂಡು, ಉದ್ದ ಪಟ್ಟಿಗಳ ನಡುವೆ ಕೂರುವಂತೆ
- 45 ಡಿಗ್ರಿ ಆನಿಕೆ: 300 ಮಿ.ಮೀ., 8 ತುಂಡು, ಪ್ರತಿ ಕಾಲಿಗೆ ಉದ್ದಕ್ಕೊಂದು ಅಡ್ಡಕ್ಕೊಂದು
- ಪ್ಲೇಟ್: 150×100×6 ಮಿ.ಮೀ., 8 ತುಂಡು
- ಎಂ10 ಬೋಲ್ಟ್, ತಲೆಯ ಮೇಲೆ 8.8 ಎಂದು ಅಚ್ಚಾಗಿರುವಂಥದ್ದು, 16. ಅಷ್ಟೇ ನೈಲಾಕ್ ನಟ್ (ಒಳಗೆ ನೈಲಾನ್ ಉಂಗುರವಿದ್ದು ಬೇಗ ಸಡಿಲಾಗದ ನಟ್)

ಪೈಪು ಒಟ್ಟು ಹನ್ನೊಂದೂವರೆ ಮೀಟರ್. ಗುಜರಿ ಮಾಲಿನಲ್ಲಿ ಕತ್ತರಿಸಿ ಎಸೆಯುವುದು ಇದ್ದೇ ಇರುತ್ತದೆ, ಹದಿಮೂರೂವರೆ ಮೀಟರ್ ತನ್ನಿ. ರ‍್ಯಾಕಿನ ತೂಕ 33 ಕೆ.ಜಿ. ಸುತ್ತಮುತ್ತ ಬರುತ್ತದೆ, ಇಬ್ಬರು ಎತ್ತಿ ಇಳಿಸಬಹುದು. ಈ 33 ಕೆ.ಜಿ. ನಿಮ್ಮ ಗಾಡಿ ಹೊರಬಹುದಾದ ಭಾರದಲ್ಲಿ ಕಳೆದುಹೋಗುತ್ತದೆ ಎಂಬುದು ನೆನಪಿರಲಿ.

150 ಕೆ.ಜಿ. ಭಾರ ಎರಡೇ ಅಡ್ಡ ಪಟ್ಟಿಗಳ ನಟ್ಟನಡುವೆ ಕೂತರೆ ಒಂದೊಂದೂ 3 ಮಿ.ಮೀ.ನಷ್ಟು ಬಾಗುತ್ತದೆ. ಗುಂಡಿಯಲ್ಲಿ ಕುಲುಕಿದಾಗ ಅದರ ಎರಡರಷ್ಟು ಎಂದುಕೊಳ್ಳಿ. ಪೈಪು ತಾಳುತ್ತದೆ, ಆದರೆ ಮೇಲಿಂದ ಮೇಲೆ ಹೀಗಾದರೆ ಬೆಸುಗೆ ದಣಿಯುತ್ತದೆ. ಮೂರನೇ ಪಟ್ಟಿ ಸೇರಿಸಿರುವುದು ಅದಕ್ಕಾಗಿ.

ಜೋಡಣೆಯಲ್ಲಿ ತಪ್ಪುವುದು ಮೂಲೆ. ನೆಲದ ಮೇಲೆ ಮೇಲಿನ ಚೌಕಟ್ಟನ್ನು ಟ್ಯಾಕ್ (ಅಲ್ಲಲ್ಲಿ ಚುಕ್ಕೆ ಬೆಸುಗೆ) ಮಾತ್ರ ಮಾಡಿ, ಎರಡು ಕರ್ಣಗಳನ್ನೂ ಅಳೆಯಿರಿ. ವ್ಯತ್ಯಾಸ 3 ಮಿ.ಮೀ. ಒಳಗಿರಬೇಕು. ಬೇಸ್ ಪ್ಲೇಟ್‌ಗಳನ್ನು ಗಾಡಿಯ ಮೇಲೇ ಬೋಲ್ಟ್ ಹಾಕಿ ಕೂರಿಸಿ, ಕಾಲುಗಳನ್ನು ಅಲ್ಲಿ ನಿಲ್ಲಿಸಿ ಗುರುತು ಮಾಡಿ. ಪೂರ್ತಿ ಬೆಸುಗೆಯನ್ನು ಮಾತ್ರ ಕೆಳಗಿಳಿಸಿಯೇ ಮಾಡಬೇಕು. ಗಾಡಿಯ ಮೇಲೆ ಟ್ಯಾಕ್ ಹಾಕಲೇಬೇಕಾದರೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಅರ್ತ್ ಕ್ಲಾಂಪನ್ನು ಬೆಸೆಯುವ ಪ್ಲೇಟಿಗೇ ಹಾಕಿ. ಕೊರೆಯುವ ಮೊದಲು ಅಡಿಯಲ್ಲಿ ಬಗ್ಗಿ ನೋಡಿ: ಡೀಸೆಲ್ ಟ್ಯಾಂಕ್, ಬ್ರೇಕ್ ಪೈಪು, ವೈರಿಂಗ್ ಎಲ್ಲಿದೆ ಎಂದು ತಿಳಿಯದೆ ಡ್ರಿಲ್ ಹಿಡಿಯಬಾರದು. ಕೊರೆದ ತೂತಿನ ಬಾಯಿಗೆ ಅಲ್ಲೇ ಪ್ರೈಮರ್ ಹಚ್ಚಿ.

ಎಂ10 ಬೋಲ್ಟ್ ಬಿಗಿತ 45ರಿಂದ 50 ನ್ಯೂಟನ್-ಮೀಟರ್. 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಬಿಗಿ ನೋಡಿ. ಪ್ಲೇಟಿನಡಿಯ ಬಣ್ಣ ನಲುಗಿ ಕೂತಂತೆ ಬೋಲ್ಟ್ ಸಡಿಲವಾಗುತ್ತದೆ.

ಬೊಲೆರೋ ಪಿಕಪ್‌ಗೆ ಮೂರು ಕಡೆ ಡಾಲಾ ತೆರೆಯುತ್ತದೆ. ರ‍್ಯಾಕಿನ ಕಾಲು ಎಲ್ಲಿ ನಿಲ್ಲಿಸಬೇಕು? ಮುಂದಿನ ಕಾಲನ್ನು ಕ್ಯಾಬಿನ್ ಮೇಲೆ ಆನಿಸಬಹುದೇ?
— ಹಾವೇರಿಯ ಓದುಗರು

ಕ್ಯಾಬಿನ್ ಮೇಲೆ ಖಂಡಿತ ಬೇಡ. ಕ್ಯಾಬಿನ್ನೂ ಹಿಂಬದಿಯ ತೊಟ್ಟಿಯೂ ಚಾಸಿ ಮೇಲೆ ಬೇರೆ ಬೇರೆಯಾಗಿ ಕೂತಿವೆ. ಹೊಲದ ಬದು ಹತ್ತಿಳಿಯುವಾಗ ಒಂದು ಚಕ್ರ ಮೇಲೆ, ಇನ್ನೊಂದು ಕೆಳಗೆ ಆದಾಗ ಚಾಸಿ ತಿರುಚುತ್ತದೆ, ಎರಡೂ ಒಂದಕ್ಕೊಂದು ಸರಿದಾಡುತ್ತವೆ. ಕ್ಯಾಬಿನ್ ಹಿಂದಿನ ಸಂದಿಯಲ್ಲಿ ಬೆರಳಿಟ್ಟರೆ ಆ ಅಲುಗಾಟ ಗೊತ್ತಾಗುತ್ತದೆ, ಗಾಡಿ ನಿಲ್ಲಿಸಿ ಒಬ್ಬರು ಹಿಂದೆ ಹತ್ತಿ ಕುಲುಕಿದರೂ ಸಾಕು. ಎರಡನ್ನೂ ಕಬ್ಬಿಣದಿಂದ ಕಟ್ಟಿಹಾಕಿದರೆ ಒಂದೋ ರ‍್ಯಾಕಿನ ಬೆಸುಗೆ ಬಿಡುತ್ತದೆ, ಇಲ್ಲವೇ ಕ್ಯಾಬಿನ್ ತಗಡು ಬಿರಿದು ಮಳೆನೀರು ಒಳಗಿಳಿಯುತ್ತದೆ. ರ‍್ಯಾಕಿಗೂ ಕ್ಯಾಬಿನ್ನಿಗೂ ನಡುವೆ ಎಲ್ಲ ಕಡೆ 40 ಮಿ.ಮೀ. ಅಂತರ ಬಿಡಿ.

ಡಾಲಾಗೂ ಕಾಲು ಬೇಡ, ಅದು ಕೀಲಿನ ಮೇಲೆ ತೂಗುವ ಬಾಗಿಲು ಅಷ್ಟೇ. ನಾಲ್ಕೂ ಕಾಲು ತೊಟ್ಟಿಯ ನೆಲಕ್ಕೆ ಬರಬೇಕು, ನೆಲದಡಿ ಅಡ್ಡಲಾಗಿ ಹಾಯ್ದಿರುವ ಕ್ರಾಸ್ ಮೆಂಬರ್‌ಗಳ ನೇರಕ್ಕೆ. ಬೋಲ್ಟ್ ಆ ಕ್ರಾಸ್ ಮೆಂಬರ್ ದಾಟಿ ಕೆಳಗೆ ಪ್ಲೇಟ್ ಹಿಡಿಯಲಿ. ಅದು ಪೆಟ್ಟಿಗೆಯಾಕಾರದ್ದಾಗಿದ್ದರೆ ಒಳಗೆ ಬೋಲ್ಟ್ ಸುತ್ತ ಒಂದು ತುಂಡು ಪೈಪು ಇಡಬೇಕು, ಇಲ್ಲದಿದ್ದರೆ ಬಿಗಿ ಮಾಡಿದಷ್ಟೂ ಪೆಟ್ಟಿಗೆ ಅಪ್ಪಚ್ಚಿಯಾಗುತ್ತದೆ, ಬಿಗಿ ನಿಲ್ಲುವುದಿಲ್ಲ. ಮುಂದಿನ ಎರಡು ಕಾಲನ್ನು ಕ್ಯಾಬಿನ್ ಹಿಂದಿನ ಗಾರ್ಡಿನ ಕಂಬಕ್ಕೆ ಯು-ಕ್ಲಾಂಪಿನಿಂದ ಸೇರಿಸಿದರೆ ಮುಂದಕ್ಕೆ ನೂಕುವ ಬಲಕ್ಕೆ ಒಳ್ಳೆಯ ಆಸರೆ. ಆ ಗಾರ್ಡ್ ತೊಟ್ಟಿಗೇ ಸೇರಿದ್ದು ಎಂಬುದನ್ನು ಮಾತ್ರ ಮೊದಲು ಖಚಿತಪಡಿಸಿಕೊಳ್ಳಿ. ಕಾಲುಗಳನ್ನು ಡಾಲಾದಿಂದ 10 ಮಿ.ಮೀ. ಒಳಗೆ ಬಿಡಿ, ಕೀಲು ತಿರುಗಲು ಜಾಗ ಬೇಕು. ಒಳ ಅಗಲದಲ್ಲಿ ಎರಡೂ ಕಡೆ ಸೇರಿ ನಾಲ್ಕಂಗುಲ ಕಡಿಮೆಯಾಗುತ್ತದೆ, ಕ್ರೇಟ್ ತುಂಬುವವರು ಇದನ್ನು ಮೊದಲೇ ಲೆಕ್ಕ ಹಾಕಿ.

ಚಾಸಿಯ ಉದ್ದ ತೊಲೆಯ ಮೇಲಿನ ಅಥವಾ ಕೆಳಗಿನ ಅಂಚಿಗೆ ತೂತು ಕೊರೆಯುವುದು, ಚಾಸಿಗೆ ಬೆಸೆಯುವುದು ಎರಡೂ ನಿಷಿದ್ಧ. ತೊಲೆಗೆ ಹೆಚ್ಚು ಒತ್ತಡ ಬೀಳುವುದು ಆ ಅಂಚುಗಳಲ್ಲೇ, ತೂತಿನಿಂದ ಬಿರುಕು ಶುರುವಾಗುತ್ತದೆ.

ಹಳೇ ಬೋರ್‌ವೆಲ್ ಜಿಐ ಪೈಪು ಮನೆಯಲ್ಲೇ ಇದೆ. ವೆಲ್ಡ್ ಮಾಡಿದಾಗ ಬಿಳಿ ಹೊಗೆ ಬರುತ್ತದೆ, ಹಾಲು ಕುಡಿದರೆ ಸರಿಹೋಗುತ್ತದೆ ಅನ್ನುತ್ತಾರೆ. ನಿಜವೇ?
— ಚಿಕ್ಕಬಳ್ಳಾಪುರದ ಓದುಗರು

ಹಾಲಿನಿಂದ ಏನೂ ಆಗುವುದಿಲ್ಲ. ಜಿಐ ಅಂದರೆ ಸತು ಲೇಪಿಸಿದ ಕಬ್ಬಿಣ, ಆ ಬಿಳಿ ಹೊಗೆ ಸತುವಿನ ಆಕ್ಸೈಡ್. ಉಸಿರಾಡಿದ ಕೆಲವು ಗಂಟೆಗಳ ಮೇಲೆ, ಸಾಮಾನ್ಯವಾಗಿ ರಾತ್ರಿ, ಚಳಿ ಜ್ವರ, ಮೈಕೈ ನೋವು, ಬಾಯಲ್ಲಿ ಲೋಹದ ರುಚಿ ಶುರುವಾಗುತ್ತದೆ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರಾಟಕ್ಕೆ ಕಷ್ಟವಾದರೆ, ಎದೆ ಬಿಗಿದರೆ ಆಸ್ಪತ್ರೆಗೆ ಹೋಗಲೇಬೇಕು.

ಬೆಸೆಯುವ ಜಾಗದ ಎರಡೂ ಕಡೆ 50 ಮಿ.ಮೀ. ಸತುವನ್ನು ಫ್ಲಾಪ್ ಡಿಸ್ಕ್‌ನಿಂದ ಹೊಳೆಯುವ ಕಬ್ಬಿಣ ಕಾಣುವವರೆಗೆ ತೆಗೆಯಿರಿ. ಪೈಪಿನ ಒಳಮೈಯಲ್ಲೂ ಸತು ಇದೆ, ಕೈಗೆಟುಕುವಷ್ಟು ಅದನ್ನೂ ಉಜ್ಜಿ. ಬಯಲಲ್ಲಿ ಗಾಳಿ ನಿಮ್ಮ ಪಕ್ಕದಿಂದ ಬೀಸುವಂತೆ ನಿಂತು, ಲೋಹದ ಹೊಗೆಗೆ ತಕ್ಕ ಮಾಸ್ಕ್ ಹಾಕಿ ಬೆಸೆಯಿರಿ. ಕರವಸ್ತ್ರ ಮಾಸ್ಕ್ ಅಲ್ಲ. ಕ್ರೋಮ್ ಹೊಳಪಿನ ಪೈಪು ಇನ್ನೂ ಅಪಾಯ, ಅದರ ಹೊಗೆ ಕ್ಯಾನ್ಸರಿಗೆ ಕಾರಣವಾಗುತ್ತದೆ. ಅದನ್ನು ರ‍್ಯಾಕಿಗೆ ತರುವುದೇ ಬೇಡ. ಹಳೇ ಸೇತುವೆ, ಶೆಡ್ಡುಗಳಿಂದ ಬಂದ ಆಂಗಲ್ ಮೇಲೆ ಕಿತ್ತಳೆ ಕೆಂಪಿನ ದಪ್ಪ ಬಣ್ಣವಿದ್ದರೆ ಅದು ಸೀಸದ ಬಣ್ಣವಿರಬಹುದು, ಒಣಗಿದಂತೆಯೇ ಉಜ್ಜಬೇಡಿ, ಮಕ್ಕಳು ಓಡಾಡುವ ಅಂಗಳದಲ್ಲಂತೂ ಬೇಡವೇ ಬೇಡ. ಜಿಡ್ಡು ತೆಗೆಯಲು ಸೋಪು ನೀರು ಸಾಕು. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಬಳಸಿ ಅದರ ಮೇಲೆ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಬೋರ್‌ವೆಲ್ ಪೈಪಿನ ಒಳಗೆ ಸಾಮಾನ್ಯವಾಗಿ ತುಕ್ಕಿನ ಗಂಟುಗಳಿರುತ್ತವೆ. ಮೊದಲ ಉತ್ತರದ ತೂಕದ ಪರೀಕ್ಷೆ ಇಲ್ಲಿಯೂ ಮಾಡಿ: ಒಂದಿಂಚಿನ ಮೀಡಿಯಂ ಜಿಐ ಪೈಪು ಮೀಟರಿಗೆ 2.4 ಕೆ.ಜಿ., ಒಂದೂವರೆ ಇಂಚಿನದು 3.6 ಕೆ.ಜಿ. ಇರಬೇಕು.

ತುಂಡು ಪೈಪುಗಳನ್ನು ಜೋಡಿಸಿ ಉದ್ದ ಮಾಡಿದರೆ ಬಲ ಉಳಿಯುತ್ತದೆಯೇ?
— ದಾವಣಗೆರೆಯ ಓದುಗರು

ಜೋಡಿಸುವ ಜಾಗ ಸರಿಯಿದ್ದರೆ ಉಳಿಯುತ್ತದೆ. ಅಡ್ಡ ಪಟ್ಟಿಯ ನಡುಭಾಗದಲ್ಲಿ ಜೋಡಣೆ ಬರಬಾರದು, ಬಾಗುವ ಒತ್ತಡ ಅಲ್ಲೇ ಹೆಚ್ಚು. 1420 ಮಿ.ಮೀ. ಪಟ್ಟಿಯಾದರೆ ತುದಿಯಿಂದ 350 ಮಿ.ಮೀ. ಒಳಗೆ ಜೋಡಿಸಿ. ಒಂದು ಪಟ್ಟಿಗೆ ಒಂದೇ ಜೋಡಣೆ, ಪಕ್ಕದ ಪಟ್ಟಿಯಲ್ಲಿ ಅದು ಎದುರು ತುದಿಗೆ ಬರಲಿ.

ಎರಡು ತುಂಡುಗಳನ್ನೂ 45 ಡಿಗ್ರಿ ಓರೆಯಾಗಿ ಕತ್ತರಿಸಿ. ನೇರ ಕತ್ತರಿಸಿ ಮುಖಾಮುಖಿ ಬೆಸೆದರೆ ಬೆಸುಗೆ ಪೂರ್ತಿ ಒಂದೇ ಗೆರೆಯಲ್ಲಿ ಬಂದು ಅಲ್ಲಿಯೇ ಮುರಿಯುತ್ತದೆ. ಒಳಗೆ 25×5 ಮಿ.ಮೀ. ಫ್ಲಾಟ್ ಪಟ್ಟಿಯ 200 ಮಿ.ಮೀ. ತುಂಡು ಎರಡು, ಒಂದು ಮೇಲಿನ ಗೋಡೆಗೆ ಒಂದು ಕೆಳಗಿನ ಗೋಡೆಗೆ ಅಂಟುವಂತೆ ಇಡಿ, ಎರಡೂ ಕಡೆ 100 ಮಿ.ಮೀ. ಚಾಚಿರಲಿ. ಪೈಪಿಗೆ ಮೊದಲೇ 8 ಮಿ.ಮೀ. ತೂತು ಕೊರೆದು, ಪ್ರತಿ ಫ್ಲಾಟಿಗೆ ಕಡೆಗೆರಡರಂತೆ, ಆ ತೂತುಗಳನ್ನು ಬೆಸುಗೆಯಿಂದ ತುಂಬಿ. ಕೊನೆಗೆ ಓರೆ ಗೆರೆಯನ್ನು ಸುತ್ತಲೂ ಬೆಸೆಯಿರಿ. ಬೆಸುಗೆಯನ್ನು ಉಜ್ಜಿ ನುಣುಪು ಮಾಡುವ ಆಸೆಯಲ್ಲಿ ಪೈಪಿನ ಗೋಡೆಯನ್ನೇ ತೆಳು ಮಾಡಿಬಿಡಬೇಡಿ. ಕೆಳಗಿನ ಮುಖವನ್ನು ಉಜ್ಜದೆ ಬಿಟ್ಟರೂ ಯಾರಿಗೂ ಕಾಣುವುದಿಲ್ಲ.

ರ‍್ಯಾಕ್ ಹಾಕಿಸಿ ಆರು ತಿಂಗಳಾಗಿಲ್ಲ, ಕಾಲಿನ ಬುಡದಲ್ಲಿ ಬೆಸುಗೆಯ ಪಕ್ಕವೇ ಕೂದಲೆಳೆಯಂಥ ಬಿರುಕು. ಮೇಲಿಂದ ಮತ್ತೆ ವೆಲ್ಡ್ ಹೊಡೆಸಿದೆ, ಮತ್ತೆ ಬಂತು. ಏನು ಕಾರಣ?
— ಚಿತ್ರದುರ್ಗದ ಓದುಗರು

ಬಿರುಕು ಬೆಸುಗೆಯ ಮೇಲಲ್ಲ, ಪಕ್ಕದ ಪೈಪಿನಲ್ಲಿ ಬಂದಿದೆ ಎಂದಿದ್ದೀರಿ. ಇದು ದಣಿವಿನ ಬಿರುಕು. 6 ಮಿ.ಮೀ. ಪ್ಲೇಟ್ ಅಲುಗುವುದಿಲ್ಲ, ಅದಕ್ಕಂಟಿದ 2 ಮಿ.ಮೀ. ಪೈಪು ಪ್ರತಿ ಕುಲುಕಿಗೂ ಒಂದೇ ಗೆರೆಯಲ್ಲಿ ಬಾಗುತ್ತದೆ. ಆ ಗೆರೆಯಲ್ಲಿ ವೆಲ್ಡರ್ ಕರೆಂಟ್ ಹೆಚ್ಚಿಟ್ಟು ಪೈಪನ್ನು ಸ್ವಲ್ಪ ಕೊರೆದಿದ್ದರೆ ಬಿರುಕಿಗೆ ಶುರುವಾಗಲು ಗೀರು ಸಿಕ್ಕಂತೆ. ಮೇಲಿಂದ ಬೆಸುಗೆ ಪೇರಿಸಿದರೆ ಬಿರುಕು ಅಡಿಯಲ್ಲಿ ಹಾಗೇ ಉಳಿದು, ಹೊಸ ಬೆಸುಗೆಯ ಅಂಚಿಗೆ ಜಾರುತ್ತದೆ.

ಬಿರುಕಿನ ಎರಡೂ ತುದಿಯನ್ನು ಹುಡುಕಿ. ಸೀಮೆಎಣ್ಣೆ ಹಚ್ಚಿ ಒರೆಸಿ ಸೀಮೆಸುಣ್ಣ ಬಳಿದರೆ ಗೆರೆ ತೇವವಾಗಿ ಕಾಣುತ್ತದೆ. ತುದಿಗಳಲ್ಲಿ 4-5 ಮಿ.ಮೀ. ತೂತು ಕೊರೆಯಿರಿ, ಸೀಮೆಎಣ್ಣೆಯನ್ನು ಪೂರ್ತಿ ತೊಳೆದು ಒಣಗಿಸಿ, ಬಿರುಕನ್ನು ಗ್ರೈಂಡರಿನಿಂದ ಪೂರ್ತಿ ತೆರೆದು ಬೆಸೆಯಿರಿ. ಆಮೇಲೆ ಗಸೆಟ್: 4 ಮಿ.ಮೀ. ತಗಡಿನ ತ್ರಿಕೋನ, 100 ಮಿ.ಮೀ. ಎತ್ತರ, ಮೇಲ್ತುದಿ ಚೂಪಾಗಿ ಕ್ರಮೇಣ ಪೈಪಿನಲ್ಲಿ ಲೀನವಾಗುವಂತೆ. ಮೊಂಡಾಗಿ ನಿಲ್ಲುವ ಗಸೆಟ್ ಹಾಕಿದರೆ ಬಿರುಕು ಅದರ ಮೇಲ್ತುದಿಗೆ ಸ್ಥಳ ಬದಲಿಸುತ್ತದೆ ಅಷ್ಟೇ.

2 ಮಿ.ಮೀ. ಪೈಪಿಗೆ 2.5 ಮಿ.ಮೀ. ದಪ್ಪದ 6013 ನಂಬರಿನ ವೆಲ್ಡಿಂಗ್ ರಾಡ್, 60ರಿಂದ 80 ಆಂಪಿಯರ್. ಪೈಪು ಪ್ಲೇಟಿಗೆ ಕೂಡುವಲ್ಲಿ ರಾಡಿನ ತುದಿಯನ್ನು ಪ್ಲೇಟಿನತ್ತ ಹಿಡಿದು, ಕರಗಿದ ಲೋಹ ಪೈಪಿಗೆ ತಾಗುವಂತೆ ಎಳೆಯಬೇಕು. ಪೈಪಿನತ್ತ ಹಿಡಿದರೆ ತೂತು ಬೀಳುತ್ತದೆ, ಪ್ಲೇಟಿಗೆ ಹಿಡಿಯುವುದೇ ಇಲ್ಲ. 3.15 ರಾಡನ್ನು 5 ಮಿ.ಮೀ. ಆಂಗಲ್ಲಿಗೆ ಇಟ್ಟುಕೊಳ್ಳಿ. 40 ಮಿ.ಮೀ.ಗಿಂತ ಉದ್ದ ಒಂದೇ ಸಲ ಎಳೆಯದೆ, ಎದುರು ಬದಿಗೆ ಹೋಗಿ ಬಂದು ಮಾಡಿದರೆ ಸೊಟ್ಟಗಾಗುವುದು ತಪ್ಪುತ್ತದೆ. ಮಳೆಗಾಲದಲ್ಲಿ ರಾಡಿನ ಡಬ್ಬಿ ತೇವ ಹಿಡಿದಿದ್ದರೆ 100-120 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ. ಬೆಸುಗೆಯಲ್ಲಿ ಗುಳ್ಳೆ ತೂತುಗಳು ಕಂಡರೆ ಮೊದಲು ಅನುಮಾನಿಸಬೇಕಾದ್ದು ತೇವವನ್ನು.

ನಿಮ್ಮ ರ‍್ಯಾಕ್ ಕ್ಯಾಬಿನ್ನಿಗೆ ಎಲ್ಲಾದರೂ ತಾಗಿದೆಯೇ ಎಂದೂ ನೋಡಿ. ತಾಗಿದ್ದರೆ ಮೇಲಿನ ರಿಪೇರಿ ಮಾಡಿಯೂ ಬಿರುಕು ಮರಳುತ್ತದೆ.

ಇಲ್ಲಿ ರಸ್ತೆ ಬದಿಯಲ್ಲಿ ಹಳೇ ಮಂಚದ ಆಂಗಲ್ ಫ್ರೇಮ್ ಪುಕ್ಕಟೆ ಸಿಗುತ್ತದೆ. ಡ್ರಿಲ್ ಬಿಟ್ ಕೂಡ ಇಳಿಯುವುದಿಲ್ಲ, ಅಷ್ಟು ಗಟ್ಟಿ. ಪಿಕಪ್ ರ‍್ಯಾಕಿಗೆ ಬಳಸಲೇ?
— ಅಮೆರಿಕದ ಟೆಕ್ಸಸ್‌ನಿಂದ ಕನ್ನಡಿಗ ಓದುಗರು

ಡ್ರಿಲ್ ಇಳಿಯದಿರುವುದೇ ಉತ್ತರ. ಅಲ್ಲಿನ ಮಂಚದ ಆಂಗಲ್ ಬಹಳಷ್ಟು ಹಳೇ ರೈಲು ಕಂಬಿಯನ್ನು ಮತ್ತೆ ಉರುಳಿಸಿ ಮಾಡಿದ್ದು, ಇಂಗಾಲ ಹೆಚ್ಚು. ಬೆಸೆದ ಕಡೆ ಪೆಡಸಾಗಿ ಒಡೆಯುತ್ತದೆ. ಕೊಟ್ಟಿಗೆಯ ಕಪಾಟಿಗೆ ಬೋಲ್ಟ್ ಹಾಕಿ ಬಳಸಿ, ಹೆದ್ದಾರಿಯಲ್ಲಿ ಹೊರುವ ಭಾರದಡಿ ಬೇಡ. ಅಲ್ಲಿನ ಪಿಕಪ್‌ಗಳ ಅಂಚಿನಲ್ಲಿ ಚೌಕ ಗೂಡುಗಳು, ಅಂದರೆ ಸ್ಟೇಕ್ ಪಾಕೆಟ್, ಇರುವುದು ಸಾಮಾನ್ಯ. ಕಾಲನ್ನು ಅದರೊಳಗೆ ಇಳಿಸಿದರೆ ಪಕ್ಕದ ನೂಕನ್ನು ಅದೇ ತಡೆಯುತ್ತದೆ. ಮೇಲಕ್ಕೆ ಕಿತ್ತುಬರದಂತೆ ಬೋಲ್ಟ್ ಮಾತ್ರ ಬೇಕೇ ಬೇಕು.

20 ಅಡಿ ಪಿವಿಸಿ ಪೈಪು ರ‍್ಯಾಕ್ ಮೇಲೆ ಹಾಕಿ ಹಿಂದೆ ಕೆಂಪು ಬಟ್ಟೆ ಕಟ್ಟಿದರೆ ಸಾಕಲ್ಲವೇ? ರ‍್ಯಾಕಿಗೇ ಆರ್‌ಟಿಒ ತಕರಾರು ಮಾಡುತ್ತಾರೆಯೇ?
— ವಿಜಯಪುರದ ಓದುಗರು

ಸಾಲದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 194(1ಎ) ಪ್ರಕಾರ ಸರಕು ಮಿತಿ ಮೀರಿ ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಮೇಲಕ್ಕೆ ಚಾಚಿದ್ದರೆ 20,000 ರೂಪಾಯಿ ದಂಡ, ಇಳಿಸುವ ಖರ್ಚು ಬೇರೆ. ಕೆಂಪು ಬಟ್ಟೆ ಅದನ್ನು ತಪ್ಪಿಸುವುದಿಲ್ಲ. ದಂಡಕ್ಕಿಂತ ದೊಡ್ಡ ಮಾತು, ರಾತ್ರಿ ಹಿಂದೆ ಬರುವ ಬೈಕಿನವನ ಎದೆಮಟ್ಟಕ್ಕೆ ಆ ಪೈಪಿನ ಬಾಯಿ ಇರುತ್ತದೆ. 20 ಅಡಿ ಪೈಪನ್ನು 10 ಅಡಿಗೆ ಕತ್ತರಿಸಿ ತಂದು ಕಪ್ಲರ್ ಹಾಕಿದರೆ ಒಂದು ಕಪ್ಲರಿನ ಖರ್ಚು, ಅಷ್ಟೇ. ಅದು ಬೇಡವಾದರೆ ಉದ್ದದ ಗಾಡಿ ಬಾಡಿಗೆಗೆ ತನ್ನಿ.

ರ‍್ಯಾಕಿನ ವಿಷಯ: ನೋಂದಣಿ ಪತ್ರದಲ್ಲಿ ನಮೂದಾಗಿರುವ ತಯಾರಕರ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿ ಬದಲಿಸುವುದನ್ನು ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ. ಅನುಮತಿಯಿಲ್ಲದ ಮಾರ್ಪಾಡಿಗೆ 182ಎ(4) ಅಡಿ ಮಾಲೀಕರಿಗೆ ಪ್ರತಿ ಮಾರ್ಪಾಡಿಗೆ 5,000 ರೂ. ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಬೋಲ್ಟ್ ಬಿಚ್ಚಿ ಇಳಿಸಬಹುದಾದ ರ‍್ಯಾಕನ್ನೇ ನಾವು ಹೇಳುತ್ತಿರುವುದಕ್ಕೆ ಇದೂ ಒಂದು ಕಾರಣ. ಹಾಗೆಂದು ಅದು ತಾನಾಗಿ ಕಾನೂನುಬದ್ಧ ಎಂದಲ್ಲ. ಕಬ್ಬಿಣ ಕೊಳ್ಳುವ ಮೊದಲು ಅಳತೆ ಬರೆದ ಒಂದು ಚಿತ್ರ ಹಿಡಿದು ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಹಳದಿ ಬೋರ್ಡಿನ ಗಾಡಿಗೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಸಮಯದಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಅಗಲ ಗಾಡಿಯ ಹೊರಮೈ ದಾಟಬಾರದು, ನಂಬರ್ ಪ್ಲೇಟು, ಹಿಂದಿನ ದೀಪ ಮುಚ್ಚಬಾರದು.

ರ‍್ಯಾಕ್ ಮೇಲೆ 200 ಲೀಟರ್ ನೀರಿನ ಡ್ರಮ್ ಇಟ್ಟು ಗಿಡಗಳಿಗೆ ಪೈಪಿನಲ್ಲಿ ಬಿಡಬಹುದೇ?
— ಕೋಲಾರದ ಓದುಗರು

ಇಡಬೇಡಿ. ನೀರೇ 200 ಕೆ.ಜಿ., ಅದೂ ಅರ್ಧ ಖಾಲಿಯಾದಾಗ ಒಳಗೆ ಹೊಯ್ದಾಡುವ ಭಾರ. ತಿರುವಿನಲ್ಲಿ ಗಾಡಿ ವಾಲಲು ಅಷ್ಟು ಸಾಕು. ಡ್ರಮ್ ತೊಟ್ಟಿಯ ನೆಲದ ಮೇಲಿರಲಿ, ಒಂದು ಸಣ್ಣ 12 ವೋಲ್ಟ್ ಪಂಪ್ ಹಾಕಿ.

ಕುಂದಾಪುರದ ಉಪ್ಪುಗಾಳಿಗೆ ರೆಡ್ ಆಕ್ಸೈಡ್ ಬಳಿದ ಕಬ್ಬಿಣ ಎರಡು ಮಳೆಗಾಲ ತಾಳುವುದಿಲ್ಲ. ಬಣ್ಣದ ಸರಿಯಾದ ಕ್ರಮ ಯಾವುದು?
— ಕುಂದಾಪುರದ ಓದುಗರು

ಬಣ್ಣ ಸೋಲುವುದು ಹೆಚ್ಚಾಗಿ ಮೂರು ಜಾಗದಲ್ಲಿ: ಬೆಸುಗೆಯ ಗಸಿ ಉಳಿದಲ್ಲಿ, ಪೈಪಿನ ಚೂಪು ಅಂಚಿನಲ್ಲಿ, ಪೈಪಿನ ಒಳಗೆ. ಗಸಿಯನ್ನು ಚಿಪ್ಪಿಂಗ್ ಸುತ್ತಿಗೆಯಿಂದ ಕೊನೇ ಚೂರಿನವರೆಗೆ ತೆಗೆಯಿರಿ, ಅದು ತೇವ ಹೀರುತ್ತದೆ. ವೈರ್ ಕಪ್ ಬ್ರಷ್ಷಿನಿಂದ ತುಕ್ಕು ತೆಗೆದು, ಕುಳಿಗಳಲ್ಲಿ ಉಳಿದದ್ದಕ್ಕೆ ಫಾಸ್ಫಾರಿಕ್ ಆಮ್ಲದ ರಸ್ಟ್ ಕನ್ವರ್ಟರ್ ಹಚ್ಚಿ. ಬಾತ್‌ರೂಮ್ ಆಸಿಡ್ ಬೇಡ, ಅದರ ಕ್ಲೋರೈಡ್ ಸಂದಿಗಳಲ್ಲಿ ಉಳಿದು ಬಣ್ಣದಡಿಯಲ್ಲೇ ಹೊಸ ತುಕ್ಕು ಎಬ್ಬಿಸುತ್ತದೆ. ಸಮುದ್ರದ ಉಪ್ಪು ಮಾಡುವುದೂ ಇದನ್ನೇ. ಹಾಗಾಗಿ ಕರಾವಳಿಯಲ್ಲಿ ಬಣ್ಣಕ್ಕೆ ಮೊದಲು ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಅದೇ ದಿನ ಪ್ರೈಮರ್ ಬಳಿಯಬೇಕು.

ಪ್ರೈಮರ್ ಎರಡು ಡಬ್ಬಿ ಬೆರೆಸುವ ಎಪಾಕ್ಸಿ ಜಿಂಕ್ ಫಾಸ್ಫೇಟ್ ಆಗಲಿ. ಅಂಚು, ಬೆಸುಗೆಗಳಿಗೆ ಮೊದಲು ಬ್ರಷ್ಷಿನಲ್ಲಿ ಒಂದು ಕೈ, ಆಮೇಲೆ ಇಡೀ ರ‍್ಯಾಕಿಗೆ ಎರಡು ಕೈ. ಮೇಲೆ ಪಾಲಿಯುರೆಥೇನ್ ಬಣ್ಣ, ಎಪಾಕ್ಸಿ ಬಿಸಿಲಿಗೆ ಪುಡಿಯೇಳುವುದರಿಂದ ಇದು ಬೇಕು. ಗಾಳಿಯ ತೇವ ಶೇ. 85 ದಾಟಿದ ದಿನ ಬಳಿಯಬೇಡಿ. ನಿಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗಿಲ್ಲದ ದಿನ ಸಿಗುವುದೇ ಕಷ್ಟ, ಕೆಲಸವನ್ನು ಡಿಸೆಂಬರ್‌ಗೆ ಇಟ್ಟುಕೊಳ್ಳಿ. ಜಿಐ ಪೈಪಿಗೆ ನೇರ ರೆಡ್ ಆಕ್ಸೈಡ್ ಅಥವಾ ಇನಾಮಲ್ ಬಳಿದರೆ ಸತು ಆ ಎಣ್ಣೆಬಣ್ಣವನ್ನು ಸೋಪಿನಂತೆ ಮಾಡಿ ಹಾಳೆಹಾಳೆಯಾಗಿ ಬಿಡಿಸುತ್ತದೆ. ಅದಕ್ಕೆ ಎಚ್ (etch) ಪ್ರೈಮರ್, ಅಂದರೆ ಸತುವಿನ ಮೈಯನ್ನು ಸ್ವಲ್ಪ ಕೊರೆದು ಹಿಡಿಯುವ ಪ್ರೈಮರ್ ಮೊದಲು.

ಒಳಗಿನ ತುಕ್ಕಿಗೆ: ಮೇಲಿನ ಬಾಯಿಗಳನ್ನೆಲ್ಲ ಬೆಸೆದು ಮುಚ್ಚಿ, ಪ್ರತಿ ಕಾಲಿನ ಬುಡದಲ್ಲಿ 8 ಮಿ.ಮೀ. ತೂತು ಬಿಡಿ. ಆ ತೂತಿನಿಂದಲೇ ಕಾರಿನ ಬಾಡಿಯ ಪೊಳ್ಳುಗಳಿಗೆ ಹೊಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಮಳೆಗಾಲ ಮುಗಿದೊಡನೆ ತೂತಿಗೆ ತಂತಿ ಹಾಕಿ ಕಸ ತೆಗೆಯಿರಿ.

80 ಕಿ.ಮೀ. ವೇಗ ದಾಟಿದರೆ ರ‍್ಯಾಕ್ ಕೊಳಲಿನಂತೆ ಸಿಳ್ಳೆ ಹಾಕುತ್ತದೆ. ಜೊತೆಗೆ ಗಡಗಡ ಸದ್ದು ಬೇರೆ.
— ತುಮಕೂರಿನ ಓದುಗರು

ಎರಡಕ್ಕೂ ಕಾರಣ ಬೇರೆ. ಸಿಳ್ಳೆ ಬರುವುದು ತೆರೆದ ಪೈಪಿನ ಬಾಯಿ, ಬೋಲ್ಟ್ ಹಾಕದೆ ಬಿಟ್ಟ ತೂತು, ಇಲ್ಲವೇ ಮುಂದಿನ ಚೌಕ ಪಟ್ಟಿಯ ಅಂಚಿನಿಂದ. ಬಾಯಿ, ತೂತುಗಳಿಗೆ ಟೇಪ್ ಅಂಟಿಸಿ ಒಂದು ಸುತ್ತು ಓಡಿಸಿ ನೋಡಿ. ನಿಂತರೆ ಟೇಪ್ ಇದ್ದಲ್ಲಿ ಪ್ಲಾಸ್ಟಿಕ್ ಕ್ಯಾಪ್ ಹಾಕಿ, ಕಾಲಿನ ಬುಡದ ನೀರಿಳಿಯುವ ತೂತು ಮಾತ್ರ ತೆರೆದೇ ಇರಲಿ. ನಿಲ್ಲದಿದ್ದರೆ ಮುಂದಿನ ಪಟ್ಟಿಗೆ 8-10 ಮಿ.ಮೀ. ಹಗ್ಗವನ್ನು ಅಂಗೈ ಅಗಲ ಬಿಟ್ಟು ಬಿಟ್ಟು ಸುರುಳಿಯಾಗಿ ಸುತ್ತಿ.

ಗಡಗಡ ಸದ್ದಿಗೆ ಬೇಸ್ ಪ್ಲೇಟಿನಡಿ ಮೆತ್ತನೆಯ ದಪ್ಪ ರಬ್ಬರ್ ಇಟ್ಟಿದ್ದರೆ ಅದನ್ನು ಮೊದಲು ತೆಗೆಯಿರಿ. ರಬ್ಬರ್ ಅಮುಕಿ ಅಮುಕಿ ಬೋಲ್ಟ್ ಸಡಿಲವಾಗುತ್ತದೆ, ಸದ್ದು ಶುರುವಾಗುವುದೇ ಅಲ್ಲಿಂದ. ಬಟ್ಟೆ ಪದರವಿರುವ 3 ಮಿ.ಮೀ. ಕನ್ವೇಯರ್ ಬೆಲ್ಟ್ ತುಂಡು ಅಥವಾ ನೈಲಾನ್ ಹಾಳೆ ಇಟ್ಟು, ಹೊಸ ನೈಲಾಕ್ ನಟ್ ಹಾಕಿ ಬಿಗಿ ಮಾಡಿ. ಒಮ್ಮೆ ಬಿಚ್ಚಿದ ನೈಲಾಕ್ ಹಿಡಿತ ಕಳೆದುಕೊಂಡಿರುತ್ತದೆ, ಅದನ್ನೇ ಮತ್ತೆ ಹಾಕಬೇಡಿ.